ಫ್ಲೆಕ್ಸ್ ಏರಿಸುವಷ್ಟು ಹೊತ್ತಿನಲ್ಲಿ ಎರಡು ಕಣ್ಣು ಉಳಿಸಬಹುದು

ಮಾನ್ಯ ಸಂಪಾದಕರೆ,

ಹೆಸರಾಂತ ನಟರೋ ಗಾಯಕರೋ ತೀರಿಕೊಂಡ ಸುದ್ದಿ ಖಚಿತವಾದ ಐದಾರು ತಾಸಿನೊಳಗೆ ಹುಬ್ಬಳ್ಳಿಯ ಚೆನ್ನಮ್ಮ ವೃತ್ತ, ಧಾರವಾಡದ ಜುಬಿಲಿ ಸರ್ಕಲ್, ಗದಗಿನ ಮುಳಗುಂದ ನಾಕಾಗಳಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಂತಿರುತ್ತದೆ. ಓಣಿಯ ಹುಡುಗರು ಪಟ್ಟಿ ಎತ್ತಿ, ಒಳ್ಳೆಯ ಫೋಟೊ ಹುಡುಕಿ, ಡಿಸೈನ್ ಮಾಡಿಸಿ, ರಾತ್ರೋರಾತ್ರಿ ಪ್ರಿಂಟ್ ಹಾಕಿಸಿ, ಚೌಕಟ್ಟಿಗೆ ಬಿಗಿದು, ಟಂಟಂನಲ್ಲಿ ತಂದು ನಿಲ್ಲಿಸುತ್ತಾರೆ. ಯಾರೂ ಕೂಲಿ ಕೊಡುವುದಿಲ್ಲ, ಯಾರೂ ಹೊತ್ತು ನೋಡುವುದಿಲ್ಲ. ಇದೆಲ್ಲ ಬರೀ ತೋರಿಕೆ ಎಂದು ಹೀಗಳೆಯುವವರ ಮಾತನ್ನು ನಾವು ಒಪ್ಪುವುದಿಲ್ಲ. ನೆತ್ತರ ಸಂಬಂಧವಿಲ್ಲದ ಒಬ್ಬರಿಗಾಗಿ ನಿದ್ದೆ ಬಿಡುವುದು ಸಣ್ಣ ಪ್ರೀತಿಯೇನಲ್ಲ.

ನಾವು ಹೇಳಬೇಕಾದ್ದು ಇಷ್ಟೇ. ತೀರಿಕೊಂಡವರ ಕಣ್ಣನ್ನು ತೆಗೆದುಕೊಳ್ಳಲು ಇರುವ ಅವಧಿಯೂ ಆರು ತಾಸು. ನಡುರಾತ್ರಿ 20 ಅಡಿ ಫ್ಲೆಕ್ಸ್ ನಿಲ್ಲಿಸಬಲ್ಲ ಹುಡುಗರಿಗೆ ತಮ್ಮ ಊರಿನ ಒಂದು ಮನೆಗೆ ನೇತ್ರ ಬ್ಯಾಂಕಿನವರನ್ನು ಕರೆತರುವುದು ಕಷ್ಟವಲ್ಲ. ಫೋನ್ ನಂಬರುಗಳು, ಬೈಕುಗಳು, ಎಲ್ಲರನ್ನೂ ಬಲ್ಲ ಹುಡುಗರು, ಅವೇಳೆಯಲ್ಲಿ ಏಳುವ ಮನಸ್ಸು: ನೇತ್ರ ಬ್ಯಾಂಕುಗಳ ಹತ್ತಿರ ಇಲ್ಲದ್ದೆಲ್ಲ ಅಭಿಮಾನಿ ಬಳಗಗಳ ಹತ್ತಿರ ಇದೆ.

ಮೊದಲು ಫ್ಲೆಕ್ಸಿನ ಮಾತು ಮುಗಿಸಿಬಿಡುತ್ತೇವೆ, ಏಕೆಂದರೆ ಅದರಲ್ಲಿ ಜೀವ ಹೋಗುತ್ತಿವೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಅದು ಹುಟ್ಟುಹಬ್ಬದ ಕಟೌಟ್ ನಿಜ. ಶ್ರದ್ಧಾಂಜಲಿಯ ಕಟೌಟಿಗೂ ಅದೇ ಚೌಕಟ್ಟು, ಅದೇ ಕತ್ತಲು, ಅದೇ ಅವಸರ. 11 ಕೆ.ವಿ. ತಂತಿ ರಸ್ತೆಯನ್ನು ದಾಟುವಲ್ಲಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು ಎಂಬುದು ನಿಯಮ. ಅಂದರೆ ಬರೀ 20 ಅಡಿ. 15 ಅಡಿ ಕಟೌಟನ್ನು ಆರಡಿ ಕಟ್ಟೆಯ ಮೇಲೆ ನಿಲ್ಲಿಸಿದರೂ ಲೆಕ್ಕ ಮೀರಿತು. ಆ ತಂತಿಗೆ ಮನೆಯ ವೈರಿನಂತೆ ಪ್ಲಾಸ್ಟಿಕ್ ಹೊದಿಕೆ ಇರುವುದಿಲ್ಲ, ಬರಿಯ ಲೋಹ.

ಅಪಾಯ ಹೆಚ್ಚಿರುವುದು ಎತ್ತುವ ಗಳಿಗೆಯಲ್ಲಿ. ಮಲಗಿಸಿದ ಕಟೌಟನ್ನು ಎತ್ತುವಾಗ ಅದರ ತುದಿ ನೆಟ್ಟಗೆ ಮೇಲೇರುವುದಿಲ್ಲ, ಕಮಾನಿನಂತೆ ಸುತ್ತಿಕೊಂಡು ಬರುತ್ತದೆ. ನಿಂತ ಮೇಲೆ ತಂತಿಯಿಂದ ನಾಲ್ಕಡಿ ದೂರ ಕಾಣುವ ಕಟೌಟು ಏಳುವಾಗ ತಂತಿಯನ್ನು ಸವರಿರಬಹುದು, ಇಲ್ಲವೆ ಬುಡ ಜಾರಿ ಆ ಕಡೆಗೇ ವಾಲಬಹುದು. ಕಬ್ಬಿಣದ ಚೌಕಟ್ಟಾದರೆ ಹಿಡಿದವರೆಲ್ಲರಿಗೂ ಒಮ್ಮೆಲೇ ಹೊಡೆಯುತ್ತದೆ. ಇಬ್ಬನಿಗೆ ನೆನೆದ ಕಟ್ಟಿಗೆಯೂ ಕಾಯುವುದಿಲ್ಲ. ಕಟೌಟ್ ಎಷ್ಟು ಎತ್ತರವೋ ಅದಕ್ಕಿಂತ ಹೆಚ್ಚು ದೂರದಲ್ಲಿ ತಂತಿ ಇದ್ದರೆ ಮಾತ್ರ ಅಲ್ಲಿ ನಿಲ್ಲಿಸಿ. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ 'ಸ್ವಲ್ಪ ಹೊತ್ತು ಕರೆಂಟ್ ತೆಗೀರಿ' ಎನ್ನುವುದು ಪರಿಹಾರವಲ್ಲ. ವಿಧಿವತ್ತಾಗಿ ಲೈನ್ ಕ್ಲಿಯರ್ (ಕರೆಂಟ್ ತೆಗೆದಿದೆ ಎಂಬ ಅಧಿಕೃತ ಒಪ್ಪಿಗೆ) ಪಡೆದು, ತಂತಿಯನ್ನು ಅರ್ಥ್ ಮಾಡದ, ಅಂದರೆ ನೆಲಕ್ಕೆ ಜೋಡಿಸದ ಹೊರತು ಅದು ಸತ್ತ ಲೈನ್ ಎಂದು ನಂಬುವಂತಿಲ್ಲ. ಯಾರಿಗಾದರೂ ಹೊಡೆದರೆ ಬಿಡಿಸಲು ಓಡಬೇಡಿ, ಎರಡನೆಯ, ಮೂರನೆಯ ಸಾವು ಆಗುವುದೇ ಹಾಗೆ. 11 ಕೆ.ವಿ.ಗೆ ಒಣ ಕೋಲೂ ಭರವಸೆಯದಲ್ಲ. ಹತ್ತು ಮೀಟರ್ ಹಿಂದೆ ಸರಿದು ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ, ತುರ್ತು ನೆರವಿನ 112ಕ್ಕೆ ಕರೆ ಮಾಡಿ.

ಗಾಳಿಯ ಲೆಕ್ಕವೂ ನಮ್ಮ ಹುಡುಗರಿಗೆ ತಿಳಿದಿರಬೇಕು. 20×10 ಅಡಿಯ ಫ್ಲೆಕ್ಸ್ ಹಾಳೆ ತೂಗುವುದು ಕೆಲವೇ ಕಿಲೋ. ಹಾಗಾಗಿಯೇ ಎರಡು ಗಳ, ನಾಲ್ಕು ಸುತ್ತು ಹಗ್ಗ ಸಾಕು ಅನ್ನಿಸುತ್ತದೆ. ಗಾಳಿ ತಾಸಿಗೆ 40 ಕಿ.ಮೀ. ವೇಗದಲ್ಲಿ ಬೀಸಿದರೆ ಆ ಹಾಳೆಯ ಮೇಲೆ ಸುಮಾರು 140 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. 60 ಕಿ.ಮೀ. ಆದರೆ 300 ಕಿಲೋ ದಾಟುತ್ತದೆ. ವೇಗ ಒಂದೂವರೆ ಪಟ್ಟಾದರೆ ಒತ್ತಡ ಎರಡೂಕಾಲು ಪಟ್ಟಾಗುವುದು ಗಾಳಿಯ ಗುಣ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದಲೇ ನಿಷೇಧವಿದೆ ಎಂಬುದನ್ನೂ ಇಲ್ಲಿ ನೆನಪಿಸಬೇಕು. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಮುದ್ರಣ ಕಾಶಿ ಎನಿಸಿದ ಗದಗ ಒಂದು ತಾಸಿನ ದಾರಿ. ಆರಡಿ-ನಾಲ್ಕಡಿಯ ಖಾದಿ ಬಟ್ಟೆಯ ಮೇಲೆ ಹೆಸರು, ಹುಟ್ಟಿದ ದಿನ, ತೀರಿದ ದಿನ ಬರೆಸಿ ಗೋಡೆಗೆ ಕಟ್ಟಿದರೆ ಗೌರವಕ್ಕೆ ಏನೂ ಕೊರತೆಯಾಗದು.

ಇನ್ನು ಕಣ್ಣಿನ ವಿಷಯ. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳ ದಾನವಾಯಿತು. ಅದೇ ಹೊತ್ತಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಗಲಭೆ, ಗೋಲಿಬಾರ್ ನಡೆದು ಜೀವಗಳು ಹೋದವು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳೂ ದಾನವಾದವು, ನಾಲ್ವರಿಗೆ ನೆರವಾದವು. ಅಲ್ಲಿಂದಾಚೆಗೆ 'ಅಪ್ಪು ಹಂಗ ನಾವೂ ಕಣ್ಣು ಕೊಡ್ತೇವಿ' ಎಂದು ನಮ್ಮ ಭಾಗದಲ್ಲೂ ಸಾಲುಗಟ್ಟಿ ಹೆಸರು ಬರೆಸಿದರು. ಅದಕ್ಕೂ ಬಹಳ ಮೊದಲು, 2009ರ ಜುಲೈ 21ರಂದು, ಇದೇ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು. ಆಗ ಅವರಿಗೆ 96 ವರ್ಷ. 'ನಮ್ಮ ಅಜ್ಜಿಗೆ ವಯಸ್ಸಾಗಿತ್ರಿ, ಅವರ ಕಣ್ಣು ಯಾರಿಗೆ ಬೇಕು' ಎನ್ನುವವರಿಗೆ ನಮ್ಮೂರಿನಲ್ಲೇ ಇರುವ ಉತ್ತರ ಅದು.

ಹೆಸರು ಬರೆಸಿದ್ದು ಒಂದು, ಕಣ್ಣು ಕೊಟ್ಟದ್ದು ಇನ್ನೊಂದು. ಶಿಬಿರದಲ್ಲಿ ತುಂಬಿದ ಫಾರ್ಮ್ ಮನೆಯ ಟ್ರಂಕಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ಸತ್ತ ಹೊತ್ತಿನಲ್ಲಿ ಒಪ್ಪಿಗೆಯ ಸಹಿ ಹಾಕಬೇಕಾದವರು ಮನೆಯವರು. ಅವರಿಗೆ ವಿಷಯ ಗೊತ್ತಿಲ್ಲದಿದ್ದರೆ, ಅಥವಾ ಅಳುವಿನ ನಡುವೆ ನೆನಪಾಗದಿದ್ದರೆ, ಆರು ತಾಸು ಸುಮ್ಮನೆ ಸರಿದುಹೋಗುತ್ತದೆ. ಇನ್ನೊಂದು ಕಡೆ, ಹೆಸರು ಬರೆಸದವರ ಕಣ್ಣನ್ನೂ ಮನೆಯವರು ಒಪ್ಪಿದರೆ ಕೊಡಬಹುದು. ಆದ್ದರಿಂದ ಫಾರ್ಮ್ ತುಂಬಿದ ದಿನವೇ ಹೆಂಡತಿ, ಮಕ್ಕಳು, ಸೊಸೆ, ಅಣ್ಣತಮ್ಮಂದಿರನ್ನು ಕೂಡಿಸಿ ಹೇಳಿ. ನೇತ್ರ ಬ್ಯಾಂಕಿನ ನಂಬರನ್ನು ಕ್ಯಾಲೆಂಡರಿನ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಬಳಗದವರು ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಹತ್ತಿರದ ನೇತ್ರ ಬ್ಯಾಂಕ್ ಯಾವುದೆಂದು ವಿಚಾರಿಸಿ, ಆ ನಂಬರಿಗೆ ಒಮ್ಮೆ ರಾತ್ರಿ ಹೊತ್ತಿನಲ್ಲೂ ಕರೆ ಮಾಡಿ ಯಾರು ಎತ್ತುತ್ತಾರೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಸಾವಾದ ಮನೆಯಲ್ಲಿ ಮಾಡಬೇಕಾದ ಕೆಲಸ ಸಣ್ಣದು, ಆದರೆ ತಕ್ಷಣ ಆಗಬೇಕು. ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ. ಮೇಲೆ ತಲೆಯ ನೇರಕ್ಕೆ ಫ್ಯಾನ್ ತಿರುಗುತ್ತಿದ್ದರೆ ನಿಲ್ಲಿಸಿ. ನಮ್ಮ ಕಡೆ ಮಂದಿ ಸೇರುತ್ತಿದ್ದಂತೆ ಸೆಖೆಯೆಂದು ಮೊದಲು ಹಾಕುವುದೇ ಫ್ಯಾನು, ಕಣ್ಣಿನ ಪಾರದರ್ಶಕ ಪಟಲ (ಕಾರ್ನಿಯಾ) ಒಣಗುವುದೂ ಅದರಿಂದಲೇ. ಸ್ವಚ್ಛ ಹತ್ತಿಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ರೆಪ್ಪೆಯ ಮೇಲಿಡಿ, ಒಣಗಿದಂತೆಲ್ಲ ಬದಲಿಸಿ. ತಲೆಯ ಕೆಳಗೆ ದಿಂಬಿಟ್ಟು ಆರು ಇಂಚಿನಷ್ಟು ಎತ್ತರಿಸಿ, ಆಗ ಕಣ್ಣು ತೆಗೆಯುವಾಗ ರಕ್ತ ಸೋರುವುದು ಕಡಿಮೆ. ದೇಹವನ್ನು ಆಸ್ಪತ್ರೆಗೆ ಒಯ್ಯಬೇಕಿಲ್ಲ, ತಂಡವೇ ಮನೆಗೆ ಬರುತ್ತದೆ. ಹದಿನೈದಿಪ್ಪತ್ತು ನಿಮಿಷದ ಕೆಲಸ, ಅದಕ್ಕೆ ಖರ್ಚಿಲ್ಲ. ಪರೀಕ್ಷೆಗೆಂದು ಸ್ವಲ್ಪ ರಕ್ತವನ್ನೂ ತೆಗೆಯುತ್ತಾರೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಲಿಂಗಾಯತರ ಮನೆಗಳಲ್ಲಿ ಪಾರ್ಥಿವ ಶರೀರವನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಬೆಳತನಕ ಭಜನೆ ಮಾಡುವ ಪದ್ಧತಿ ಇದೆ. ಕೂಡಿಸುವುದಕ್ಕೆ ಮೊದಲೇ, ಮಲಗಿಸಿದ್ದಾಗಲೇ ಕಣ್ಣಿನ ಕೆಲಸ ಮುಗಿಯುವುದು ಅನುಕೂಲ. ತಂಡ ದಾರಿಯಲ್ಲಿದೆ ಎಂದು ಹಿರಿಯರಿಗೆ ಒಂದು ಮಾತು ಹೇಳಿದರೆ ಅವರು ಕಾಯುತ್ತಾರೆ, ಬೇಡವೆನ್ನುವುದಿಲ್ಲ. ಮುಸ್ಲಿಂ ಮನೆಗಳಲ್ಲಿ ದಫನ್ ಬೇಗ ಆಗುತ್ತದೆ, ಅಲ್ಲಿ ಕರೆ ಇನ್ನೂ ಬೇಗ ಹೋಗಬೇಕು. ಮುಖ ವಿಕಾರವಾಗುತ್ತದೆ ಎಂಬ ಹೆದರಿಕೆ ಬೇಡ. ಹಲವು ಸಲ ತೆಗೆಯುವುದು ಸುಮಾರು 12 ಮಿಲಿಮೀಟರ್ ಅಗಲದ, ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾವನ್ನಷ್ಟೆ. ಇಡೀ ಗುಡ್ಡೆ ತೆಗೆದರೂ ಒಳಗೆ ಆಕಾರ ತುಂಬಿ ರೆಪ್ಪೆ ಮುಚ್ಚುತ್ತಾರೆ. ದರ್ಶನಕ್ಕೆ ಬಂದವರಿಗೆ ತಿಳಿಯುವುದೂ ಇಲ್ಲ.

ಎಡವುವುದು ಎಲ್ಲೆಂದರೆ, ಮೊದಲನೆಯದು ತಡವಾದ ಕರೆ. 'ದೊಡ್ಡ ಮಗ ಪುಣೆಯಿಂದ ಬರಲಿ, ಆಮೇಲೆ ಕೇಳೋಣ' ಎಂದು ನಾಲ್ಕು ತಾಸು ಕಳೆಯುತ್ತದೆ. ಅವನನ್ನು ಫೋನಿನಲ್ಲೇ ಕೇಳಿ, ಸಹಿಯನ್ನು ಅಲ್ಲೇ ಇರುವ ಹತ್ತಿರದ ಸಂಬಂಧಿಕರು ಹಾಕಬಹುದು, ಜೊತೆಗೆ ಸಾಕ್ಷಿಗಳಿರಲಿ. ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿ.ಮೀ., ಹಾವೇರಿ 75. ತಂಡ ಹೊರಟು ಮುಟ್ಟಲು ಒಂದೂವರೆ-ಎರಡು ತಾಸು, ಹಳ್ಳಿಯಾದರೆ ಇನ್ನೂ ಹೆಚ್ಚು. ಹೀಗಾಗಿ ಮೊದಲ ತಾಸಿನಲ್ಲೇ ಕರೆ ಹೋಗಬೇಕು. ಎರಡನೆಯದು ಸಾವಿನ ದಾಖಲೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಕಾಗದ ಸಿಗುತ್ತದೆ. ಮನೆಯಲ್ಲಾದರೆ ದಿನಾ ನೋಡುತ್ತಿದ್ದ ಡಾಕ್ಟರರನ್ನು ಕರೆತಂದು ಬರೆಸಬೇಕು, ಹಳೆಯ ಚೀಟಿಗಳನ್ನು ಒಂದು ಕಡೆ ತೆಗೆದಿಡಬೇಕು. ಅಪಘಾತದ ಸಾವಾದರೆ ಪೊಲೀಸರ ಅನುಮತಿ ಬೇಕು, ಅದನ್ನು ಮರಣೋತ್ತರ ಪರೀಕ್ಷೆಗೆ ಮೊದಲೇ ಕೇಳಬೇಕು. ಮೂರನೆಯದು ದಾರಿ. 'ಹನುಮಪ್ಪನ ಗುಡಿ ಹತ್ರ ಬರ್ರಿ' ಎಂದರೆ ಪ್ರತಿ ಊರಲ್ಲೂ ಹನುಮಪ್ಪನ ಗುಡಿ ಇದೆ. ಬಳಗದ ಒಬ್ಬ ಹುಡುಗ ಬೈಕ್ ತೆಗೆದುಕೊಂಡು ಊರ ಅಗಸಿಯಲ್ಲೋ ಬಸ್ ನಿಲ್ದಾಣದಲ್ಲೋ ನಿಂತರೆ ಅರ್ಧ ತಾಸು ಉಳಿಯುತ್ತದೆ. ಈ ಮೂರೂ ಅಭಿಮಾನಿಗಳು ಮಾಡಬಲ್ಲ ಕೆಲಸ. ಫ್ಲೆಕ್ಸ್ ತರುವಾಗ ಮಾಡುವುದೂ ಇದನ್ನೇ ಅಲ್ಲವೆ?

ಕನ್ನಡಕ ಹಾಕುವವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಕೊಡಬಹುದು. ರೇಬಿಸ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರಕ್ತಕ್ಕೆ ನಂಜೇರಿದ ಸಾವುಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಅದನ್ನು ತಂಡ ನಿರ್ಧರಿಸಲಿ, ನೀವೇ ಊಹಿಸಿ ಕರೆ ಬಿಡಬೇಡಿ. ತೆಗೆದುಕೊಂಡ ಕಾರ್ನಿಯಾಗಳೆಲ್ಲ ಕಸಿಗೆ ಯೋಗ್ಯವಿರುವುದಿಲ್ಲ, ಉಳಿದವು ಕಲಿಕೆಗೆ, ಸಂಶೋಧನೆಗೆ ಹೋಗುತ್ತವೆ. ಯಾರಿಗೆ ಹಾಕಿದರು ಎಂಬುದನ್ನು ಎರಡೂ ಕಡೆಯವರಿಗೆ ತಿಳಿಸುವುದಿಲ್ಲ. ಇದರಿಂದ ಬೇಸರಗೊಳ್ಳುವ ಮನೆಯವರಿಗೆ ಮೊದಲೇ ಹೇಳಿರಬೇಕು.

'ಒಬ್ಬರ ಕಣ್ಣು ನಾಲ್ವರಿಗೆ ಬೆಳಕು' ಎಂಬ ಸಾಲನ್ನು ಈಗ ಎಲ್ಲ ಬ್ಯಾನರಿನಲ್ಲೂ ಬರೆಯುತ್ತಾರೆ. ಪುನೀತ್ ಅವರ ಪ್ರತಿ ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ, ಮುಂಪದರ ಕೆಟ್ಟವರಿಗೆ ಮುಂದಿನದನ್ನೂ ಹಿಂಪದರ ಕೆಟ್ಟವರಿಗೆ ಹಿಂದಿನದನ್ನೂ ಹಾಕಿದ್ದರಿಂದ ನಾಲ್ವರಾದರು. ಎಲ್ಲ ಕಾರ್ನಿಯಾಗಳಲ್ಲೂ ಹಾಗೆ ಮಾಡಲಾಗದು. 'ಇಬ್ಬರಿಗೆ' ಎಂದು ಬರೆದರೂ ಸಾಕು. ಕಾರ್ನಿಯಾ ಕೆಟ್ಟು ಕಾಣದಾದವರಿಗೆ ಮಾತ್ರ ಇದು ಉಪಯೋಗ, ಪೊರೆ ಬಂದವರಿಗೂ ಕಣ್ಣಿನ ನರ ಹೋದವರಿಗೂ ಅಲ್ಲ. ನಮ್ಮ ಹೊಲಗಳಲ್ಲಿ ಜೋಳದ ದಂಟಿನ ಗರಿ ಚುಚ್ಚಿ, ಭತ್ತದ ಹೊಟ್ಟು ಸಿಡಿದು, ಬೂಷ್ಟು ಸೋಂಕಿ ಹುಣ್ಣಾಗಿ ಕಣ್ಣು ಬಿಳಿಯಾಗಿ ಕುಳಿತವರಿದ್ದಾರೆ. ಕಾಯುತ್ತಿರುವುದು ಅವರು.

ರಕ್ತದಾನದ ಬಗ್ಗೆ ಒಂದೇ ಮಾತು. ಪುನೀತ್ ತೀರಿಕೊಂಡ ಅಕ್ಟೋಬರ್ 29ಕ್ಕೋ ಅವರು ಹುಟ್ಟಿದ ಮಾರ್ಚ್ 17ಕ್ಕೋ ಎಲ್ಲ ಊರಲ್ಲೂ ಒಂದೇ ದಿನ ಶಿಬಿರ ಮಾಡುತ್ತಾರೆ. ಕೆಂಪು ರಕ್ತಕಣ ಬಾಳುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದು ದಿನ. ಅಕ್ಟೋಬರ್ 29ರ ರಕ್ತ ಡಿಸೆಂಬರ್ ಮೊದಲೆರಡು ವಾರದೊಳಗೆ ತೀರಬೇಕು, ಉಳಿದದ್ದು ಚೆಲ್ಲುವುದೇ. ಬೆಂಗೇರಿಯವರು ಅಕ್ಟೋಬರಿನಲ್ಲಿ ಮಾಡಿದರೆ ನವಲಗುಂದದವರು ಡಿಸೆಂಬರಿನಲ್ಲಿ, ರಾಣೆಬೆನ್ನೂರಿನವರು ಬೇಸಿಗೆಯಲ್ಲಿ ಮಾಡಲಿ. ಬೇಸಿಗೆ ರಜೆಯಲ್ಲೇ ರಕ್ತದ ಅಭಾವ ಹೆಚ್ಚು.

ಕೊನೆಯ ದರ್ಶನಕ್ಕೆಂದು ರಾತ್ರಿಯೆಲ್ಲ ಕ್ರೂಸರ್ ಓಡಿಸಿಕೊಂಡು ಬೆಂಗಳೂರಿಗೆ ಹೋಗುವವರಿಗೆ: ಹುಬ್ಬಳ್ಳಿಯಿಂದ 400 ಕಿ.ಮೀ. ಮೀರಿದ ದಾರಿ. ಒಬ್ಬನೇ ಹೋಗುತ್ತ ಬರುತ್ತ ಓಡಿಸಬೇಡಿ, ಇಬ್ಬರು ಚಾಲಕರಿರಲಿ. ಅಂತ್ಯಕ್ರಿಯೆಯ ವೇಳೆ ಬದಲಾಗುತ್ತದೆ. ಪುನೀತ್ ಅವರದ್ದು ಭಾನುವಾರ ಬೆಳ್ಳಂಬೆಳಗ್ಗೆಯೇ ಮುಗಿದಿತ್ತು.

ಇದಕ್ಕಿಂತ ಭಾರವಾದ ಮಾತೊಂದಿದೆ. ಮೆಚ್ಚಿದವರು ಹೋದ ದಿನ ಕೆಲವರು ತಮ್ಮ ಜೀವವನ್ನೇ ಕಳೆದುಕೊಂಡಿದ್ದಾರೆ. ಅವರನ್ನು 'ನಿಜವಾದ ಅಭಿಮಾನಿ', 'ಅಣ್ಣನ ಜೊತೆಗೇ ಹೋದ' ಎಂದು ಸ್ಟೇಟಸ್ ಹಾಕಿ ಕೊಂಡಾಡುವುದನ್ನು ದಯವಿಟ್ಟು ನಿಲ್ಲಿಸಿ. ಅದನ್ನು ಓದುವ ಇನ್ನೊಬ್ಬ ನೊಂದ ಹುಡುಗನಿಗೆ ಅದು ದಾರಿಯಂತೆ ಕಾಣುತ್ತದೆ. ಬಳಗದಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, 'ಇನ್ನ ಇದ್ದು ಏನ್ ಮಾಡೋದು' ಎನ್ನುತ್ತಿದ್ದರೆ ಅವನನ್ನು ಒಬ್ಬನೇ ಬಿಡಬೇಡಿ. 'ಸಾಯಬೇಕು ಅನ್ನಿಸ್ತೈತೇನೋ ತಮ್ಮಾ' ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ರಾತ್ರಿ ಅವನ ಮನೆಯಲ್ಲೇ ಒಬ್ಬರು ಮಲಗಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಬಹುದು. ಈ ದುಃಖದ ಹಿಂದೆ ಮನೆಯ ಸಾಲ, ಕುಡಿತ, ಕೆಲಸ ಹೋದದ್ದು ಬೇರೆ ಇರುತ್ತದೆ, ಗೆಳೆಯರಿಗೆ ಅದು ಗೊತ್ತಿರುತ್ತದೆ.

ಬದುಕಿರುವವರಿಗೇ ಶ್ರದ್ಧಾಂಜಲಿ ಬರೆಯುವ ಅವಸರವೂ ತಪ್ಪಬೇಕು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಲಗಿದ್ದಾಗ, ಮಿದುಳು ನಿಷ್ಕ್ರಿಯವಾದ ಸುದ್ದಿಗೂ ಸಾವಿನ ಘೋಷಣೆಗೂ ನಡುವೆ ಎಷ್ಟೊಂದು ಗೊಂದಲವಾಯಿತು. ಮಿದುಳು ಸಾವನ್ನು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಆ ಅವಧಿಯಲ್ಲೇ ಮನೆಯವರು ಅಂಗದಾನಕ್ಕೆ ಒಪ್ಪಬೇಕೋ ಬೇಡವೋ ಎಂದು ಯೋಚಿಸುತ್ತಿರುತ್ತಾರೆ. ಕಿಡ್ನಿ, ಯಕೃತ್ತು, ಹೃದಯ ಕೊಡಬಹುದಾದದ್ದು ಬಹುಪಾಲು ಹೀಗೆ ತೀವ್ರ ನಿಗಾ ಘಟಕದಲ್ಲಿ, ಎದೆಬಡಿತ ಇರುವಾಗಲೇ. ವಿಜಯ್ ಅವರ ಕುಟುಂಬ ಒಪ್ಪಿತು. ಆಗ ಹೊರಗೆ ಮೊಬೈಲುಗಳಲ್ಲಿ ಹೂವಿನ ಹಾರದ ಫೋಟೊ ಹರಿದಾಡಿದರೆ ಆ ಮನೆಯವರ ಗತಿ ಏನು? ಆಸ್ಪತ್ರೆಯ ಪ್ರಕಟಣೆ ಬರುವವರೆಗೆ ಕಾಯಿರಿ.

ಸಂಪಾದಕರೆ, ತಮ್ಮಲ್ಲಿ ಒಂದು ಕೋರಿಕೆ. ತಮ್ಮ ಪತ್ರಿಕೆಯ ಹುಬ್ಬಳ್ಳಿ, ಗದಗ, ಹಾವೇರಿ ಆವೃತ್ತಿಗಳಲ್ಲಿ ನಿಧನ ವಾರ್ತೆಯ ಕಾಲಂ ನಿತ್ಯ ಬರುತ್ತದೆ. 'ಮೃತರಿಗೆ ಪತ್ನಿ, ಇಬ್ಬರು ಪುತ್ರರು ಇದ್ದಾರೆ' ಎಂಬ ಸಾಲಿನ ಮುಂದೆ, ಕುಟುಂಬದವರು ಒಪ್ಪಿದರೆ, 'ನೇತ್ರದಾನ ಮಾಡಲಾಯಿತು' ಎಂಬ ಎರಡು ಪದ ಸೇರಿಸಿ. ಕಾಲಂನ ಕೆಳಗೆ ಒಂದೇ ಗೆರೆಯಲ್ಲಿ 104ನ್ನೂ ಆಯಾ ಜಿಲ್ಲೆಗೆ ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನೂ ಪ್ರಕಟಿಸಿ. ಊರಿನ ಕಟ್ಟೆಯ ಮೇಲೆ ಹಿರಿಯರು ಪೇಪರಿನಲ್ಲಿ ಮೊದಲು ಓದುವುದು ಆ ಕಾಲಂ.

ಇಂತಿ,
ನೇತ್ರದಾನದ ಕೆಲಸದಲ್ಲಿರುವ ಓದುಗರು,
ಹುಬ್ಬಳ್ಳಿ-ಧಾರವಾಡ